ಉಪ್ಪು ಹತ್ತದ ಸಾಸು

ಬೆಳಗಾವಿಯಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆ. ಕರ್ನಾಟಕದೊಳಗೆ ಪುಕ್ಕಟೆ ಓಡಾಡಿ ರೂಢಿಯಾದವಳಿಗೆ ಪುಣೆಯ ಟಿಕೆಟ್ಟಿನ ದರ ಕೇಳಿ ಎದೆ ಧಸಕ್ಕೆಂದಿತು. ಆದರೂ ಹೋಗಲೇಬೇಕಿತ್ತು. ಹಂದಿಯ ಪಕ್ಕೆಲುಬು ಸುಟ್ಟು ಮಾರುವ ನಮ್ಮ ಗಾಡಿಯ ಹೆಸರೆಲ್ಲ ಬಾರ್ಬೆಕ್ಯೂ ಸಾಸಿನ ಮೇಲೆ ನಿಂತಿತ್ತು. ನಮ್ಮವರು ಪ್ರತಿ ಸಲ ಹಳೆಯ ಸಾಸು ಒಂದು ಸೌಟು ಉಳಿಸಿ, ಮೊಸರಿಗೆ ಹೆಪ್ಪು ಹಾಕಿದಂತೆ ಹೊಸದಕ್ಕೆ ಬೆರೆಸುತ್ತಿದ್ದರು. ಮೂರು ತಿಂಗಳ ಹಿಂದೆ ಅವರು ತೀರಿಕೊಂಡರು. ಸೂತಕ ಕಳೆಯುವ ದಿನ ಮನೆಯಲ್ಲಿದ್ದ ಅಡಿಗೆಯನ್ನೆಲ್ಲ ಚೆಲ್ಲುವ ಭರದಲ್ಲಿ ಆ ಬರಣಿಯನ್ನೂ ನಾನೇ ತೊಳೆದಿಟ್ಟೆ. ಬುದ್ಧಿ ಬಂದದ್ದು ಆಮೇಲೆ. ಹುಣಸೆ, ಬೆಲ್ಲ, ಟೊಮ್ಯಾಟೊ, ಬ್ಯಾಡಗಿ ಮೆಣಸಿನಕಾಯಿ ಅಷ್ಟಷ್ಟೇ ಹಾಕಿದರೂ ಅವರ ರುಚಿ ಬರಲಿಲ್ಲ. ಅದೇ ಹೆಪ್ಪು ಇನ್ನು ಉಳಿದಿದ್ದರೆ ಪುಣೆಯ ಬಿಬವೇವಾಡಿಯಲ್ಲಿ, ಒಂದು ಸೌಟು ಒಯ್ದು ಅಲ್ಲಿ ಅಂಗಡಿ ಹಾಕಿದ್ದ ಅವರ ಹಳೆಯ ಜೊತೆಗಾರ ಮಾರುತಿಯ ಬಳಿ.

ಕರಾಡದಲ್ಲಿ ಅವಲಕ್ಕಿ, ಚಹಾ ಆಯಿತು. ಖಂಬಾಟಕಿ ಘಾಟಿನಲ್ಲಿ ನಡುಮಧ್ಯಾಹ್ನವೇ ಮಂಜು ಮುಸುಕಿ, ಬಸ್ಸು ದೀಪ ಹಾಕಿಕೊಂಡು ತೆವಳಿತು. ಮೂರು ಗಂಟೆಗೆ ಪುಣೆಯ ಸ್ವಾರಗೇಟಿನಲ್ಲಿ ಇಳಿದು ರಿಕ್ಷಾ ಹಿಡಿದೆ.

ಮಾರುತಿ ಅಂಗಡಿಯ ಮುಂದೆ ಇದ್ದಿಲು ಹೊತ್ತಿಸುತ್ತಿದ್ದ. ನನ್ನನ್ನು ಕಂಡವನು, ಸಾವಿನ ಸುದ್ದಿ ಗೊತ್ತಿದ್ದರೂ, ಮೊದಲು ನನ್ನ ಬೆನ್ನ ಹಿಂದೆ ನೋಡಿದ, ಇನ್ನೊಬ್ಬರು ಬರುವುದಿದೆ ಎಂಬಂತೆ. ನಾನು ಬಂದ ಕೆಲಸ ಹೇಳಿದೆ. ಅವನು ಪಾತ್ರೆಯ ಮುಚ್ಚಳ ತೆಗೆದ.

"ಮೂರು ತಿಂಗಳಾತ್ರಿ ವೈನಿ, ಎಷ್ಟ್ ಉಪ್ಪು ಹಾಕಿದ್ರೂ ಸಪ್ಪಗ ಆಗ್ತದ. ಗಿರಾಕಿ ವಾಪಸ್ ಕೊಟ್ಟು ಹೋಗ್ತಾರ. ನಾಳೆ ಎಲ್ಲಾ ಚೆಲ್ಲಾಂವ ಇದ್ದೆ."

ಬೆರಳಿನಿಂದ ನೆಕ್ಕಿದೆ. ಹುಳಿ, ಸಿಹಿ, ಖಾರ, ಹೊಗೆ, ಎಲ್ಲವೂ ನಮ್ಮವರದೇ. ಉಪ್ಪು ಮಾತ್ರ ಒಂದು ಕಾಳೂ ಇಲ್ಲ. ಕಿಡ್ನಿ ಕೆಟ್ಟ ಮೇಲೆ ಡಾಕ್ಟರು ಅವರಿಗೆ ಉಪ್ಪು ಬಿಡಿಸಿದ್ದರು. ಕೊನೆಯ ದಿನ, ಉಪ್ಪು ಹಾಕಿದ ಸಾಸು ಒಂದು ಚಮಚೆ ಕೊಡು ಎಂದು ಬೇಡಿಕೊಂಡಿದ್ದರು. ನಾನು ಕೊಡಲಿಲ್ಲ. ಈ ಮಾತನ್ನು ನಾನು ಯಾರ ಮುಂದೆಯೂ ಹೇಳಿರಲಿಲ್ಲ.

ಮಾರುತಿಯ ಕೈಯಿಂದ ಉಪ್ಪಿನ ಡಬ್ಬಿ ಇಸಿದುಕೊಂಡು ಒಂದು ಹಿಡಿ ಸುರಿದು ಕಲಕಿದೆ. ಸಪ್ಪೆ. ಇನ್ನೊಂದು ಹಿಡಿ. ಸಪ್ಪೆ. ಮೂರನೆಯದನ್ನೂ ಸುರಿದೆ. ಸಪ್ಪೆ. ಅಷ್ಟು ಉಪ್ಪು ಬಿದ್ದ ಸಾಸನ್ನು ನಾಯಿಯೂ ಮೂಸಲಾರದು. ಬೀದಿಯಲ್ಲಿ ಜನ ಓಡಾಡುತ್ತಿದ್ದರೂ ನನಗೆ ನಾಚಿಕೆಯಾಗಲಿಲ್ಲ. ಪಾತ್ರೆಯ ಮೇಲೆ ಬಗ್ಗಿ ಹೇಳಿದೆ:

"ತಪ್ಪಾತ್ರಿ. ಹೊಟ್ಟಿ ತುಂಬ ಉಣ್ರಿ."

ಇದ್ದಿಲು ಚಟಪಟ ಎಂದಿತು. ಮಾರುತಿ ಚಮಚೆ ಅದ್ದಿ ನಾಲಿಗೆಗೆ ಹಚ್ಚಿಕೊಂಡು, ಮತ್ತೊಮ್ಮೆ ಅದ್ದಿ ನೆಕ್ಕಿದ.

"ಉಪ್ಪು ಹತ್ತೇದ ವೈನಿ. ಬರೋಬ್ಬರಿ ಅದ."

ಮರುದಿನ ಅವನು ಒಂದು ಡಬ್ಬಿ ತುಂಬಿ ಕೊಟ್ಟು ಬಸ್ಸಿಗೆ ಹತ್ತಿಸಿದ. ಕಾತ್ರಜದ ಸುರಂಗದ ಕತ್ತಲೆಯಲ್ಲಿ ಮನಸ್ಸು ತಡೆಯದೆ ಮುಚ್ಚಳ ತೆಗೆದು ನೆಕ್ಕಿದೆ. ಉಪ್ಪು, ಹುಳಿ, ಖಾರ ಎಲ್ಲ ಹದವಾಗಿತ್ತು. ಯಾರು ಮಾಡಿದರೂ ಆಗುವಂಥ ಒಳ್ಳೆಯ ಸಾಸು. ಅವರ ಕೈ ಮಾತ್ರ ಅದರಲ್ಲಿರಲಿಲ್ಲ. ಉಂಡು ಎದ್ದು ಹೋಗಿದ್ದರು.