ಕೊಂಡಿಯಮ್ಮನ ಮೂರನೆಯ ಕುಟುಕು

ಆ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಆರು ಸಂಸ್ಥಾನಗಳಿದ್ದವು. ಸರ್ಜನ್ನರದು ಒಂದು, ಅರಿವಳಿಕೆಯವರದು ಒಂದು, ವಾರ್ಡಿನ ಹಿರಿಯ ಸಿಸ್ಟರ್‌ದು ಮತ್ತೊಂದು. ಲ್ಯಾಬಿನವರು, ಔಷಧಿಯವರು, ಪಥ್ಯ ಹೇಳುವವರು ತಲಾ ಒಂದೊಂದಕ್ಕೆ ಅಧಿಪತಿಗಳು. ಎಲ್ಲರಿಗೂ ಸ್ವಂತ ಫೈಲು, ಸ್ವಂತ ಸೀಲು, ಸ್ವಂತ ಮುನಿಸು. ರೋಗಿಯನ್ನು ಆರು ಕಡೆಯಿಂದಲೂ ನೋಡುತ್ತಿದ್ದರು. ಒಬ್ಬರ ಮುಖವನ್ನೊಬ್ಬರು ಮಾತ್ರ ನೋಡುತ್ತಿರಲಿಲ್ಲ.

ಇವರನ್ನೆಲ್ಲ ಒಂದುಗೂಡಿಸಲು ಮೇಲಿನಿಂದ ಸುತ್ತೋಲೆ ಬಂತು. ರೋಗಿ ದಾಖಲಾದ ಗಳಿಗೆಯಿಂದ ಮನೆ ಸೇರುವ ತನಕ ಒಬ್ಬ ಸಂಯೋಜಕಿ ಎಲ್ಲ ವಿಭಾಗಗಳ ನಡುವೆ ‘ಕೊಂಡಿಯಂತೆ ಕಾರ್ಯನಿರ್ವಹಿಸತಕ್ಕದ್ದು’ ಎಂದಿತ್ತು ಅದರಲ್ಲಿ. ಇಪ್ಪತ್ತೆರಡು ವರ್ಷ ವಾರ್ಡು ಸುತ್ತಿ ಮಂಡಿ ಸವೆಸಿಕೊಂಡ ನರ್ಸೊಬ್ಬರನ್ನು ಆ ಕುರ್ಚಿಯಲ್ಲಿ ಕೂರಿಸಿದರು. ಬರೆದವರ ಮನಸ್ಸಿನಲ್ಲಿದ್ದದ್ದು ಸರಪಳಿಯ ಕೊಂಡಿ. ಓದಿದವರ ಮನಸ್ಸಿಗೆ ಬಂದದ್ದು ಚೇಳಿನದು. ಮಧ್ಯಾಹ್ನದ ಊಟದ ಹೊತ್ತಿಗೆ ಆಕೆ ‘ಕೊಂಡಿಯಮ್ಮ’ ಆಗಿದ್ದರು.

ಆಕೆಯೂ ಬಿರುದಿಗೆ ಮೋಸ ಮಾಡಲಿಲ್ಲ. ಪಥ್ಯದವರು ಬರೆದ ಗಂಜಿ ರೋಗಿಯ ತಟ್ಟೆಗೆ ಯಾಕೆ ಬಂದಿಲ್ಲವೆಂದು ಅಡುಗೆಮನೆಗೆ ದಂಡೆತ್ತಿ ಹೋದರು. ಲ್ಯಾಬಿನ ಕಿಟಕಿಯ ಮುಂದೆ ಸ್ಟೂಲು ಹಾಕಿಕೊಂಡು ಮುತ್ತಿಗೆ ಹಾಕಿದರು. ಸರ್ಜನ್ನರಂತೂ ಆಕೆಯ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಇಲ್ಲದ ಫೋನನ್ನು ಕಿವಿಗಿಟ್ಟುಕೊಳ್ಳುತ್ತಿದ್ದರು. ಆ ತಿಂಗಳು ಆಕೆ ಎರಡು ಆಪರೇಷನ್‌ಗಳನ್ನು ನಿಲ್ಲಿಸಿದರು. ಒಬ್ಬರಿಗೆ ಜ್ವರವಿತ್ತು, ಇನ್ನೊಬ್ಬರು ಹೊಟ್ಟೆ ತುಂಬ ತಿಂದು ಬಂದಿದ್ದರು. ಸರ್ಜನ್ನರು ಮೇಲ್ವಿಚಾರಕರ ಬಳಿ ದೂರು ಒಯ್ದರು. ಮೇಲ್ವಿಚಾರಕರು ಆಕೆಯನ್ನು ಕರೆಸಿ, ಈ ತಿಂಗಳು ಮೂರನೆಯದು ನಿಂತರೆ ಆ ಕುರ್ಚಿ ರದ್ದು, ನೆಲಮಾಳಿಗೆಯ ಲಾಂಡ್ರಿಗೆ ವರ್ಗ ಎಂದು ತೀರ್ಪು ಕೊಟ್ಟರು. ಯಾಕೆ ನಿಂತವೆಂದು ಕೇಳಲಿಲ್ಲ. ಅದು ಅವರ ನಮೂನೆಯಲ್ಲಿ ಇರಲಿಲ್ಲ.

ತಿಂಗಳು ಮುಗಿಯಲು ಎರಡು ದಿನವಿರುವಾಗ ರೋಗಿಯಾಗಿ ಬಂದರು ಒಬ್ಬ ಗಡಿಯಾರ ರಿಪೇರಿಯವರು. ಹರ್ನಿಯಾ, ಬೆಳಗಿನ ಮೊದಲ ಕೇಸು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಸರ್ಜನ್ನರ ಕಡೆಯವರು ಕೇಳಿದ್ದರು, ಅರಿವಳಿಕೆಯವರು ಕೇಳಿದ್ದರು, ವಾರ್ಡಿನವರೂ ಕೇಳಿದ್ದರು. ಮೂವರಿಗೂ ಆತ ಇಲ್ಲವೆಂದಿದ್ದರು. ಮೂರೂ ಫೈಲಿನಲ್ಲಿ ‘ಇಲ್ಲ’ದ ಮುಂದೆ ಅಂದವಾದ ಗುರುತು ಬಿದ್ದಿತ್ತು.

ಕೊಂಡಿಯಮ್ಮನ ಮನೆಯಲ್ಲಿ ಒಬ್ಬ ಅತ್ತೆ ಇದ್ದರು. ಬಿಪಿ ಮಾತ್ರೆಗೆ ‘ಗುಲಾಬಿ’ ಎಂದೂ ಸಕ್ಕರೆ ಮಾತ್ರೆಗೆ ‘ದಪ್ಪಂದು’ ಎಂದೂ ನಾಮಕರಣ ಮಾಡಿ, ವೈದ್ಯರು ಏನೇ ಕೇಳಿದರೂ ಅದಿಲ್ಲಪ್ಪ ಎನ್ನುವ ಸತ್ಯವಂತೆ. ಆ ಅತ್ತೆಯ ಕೈಯಲ್ಲಿ ಪಳಗಿದ ಸೊಸೆ ರೋಗಿಯನ್ನು ಕೇಳಲಿಲ್ಲ. ಟ್ರಾಲಿ ಹೊರಡುವ ಮುಂಚೆ ಆತನ ಹೆಂಡತಿಯ ಪಕ್ಕ ಕೂತರು.

“ಅಕ್ಕ, ದಿನಾ ಇವರ ಅಂಗೈಗೆ ನೀವು ಏನೇನು ಹಾಕ್ತೀರಿ?”

“ಇನ್ನೇನಮ್ಮ, ಎದೆ ಮಾತ್ರೆ ಒಂದೇ. ಕವಾಟಕ್ಕೆ ಅಂತ ಕೊಟ್ಟಿದ್ದು. ನಿನ್ನೆ ಮರೆತೇಬಿಟ್ಟಿದ್ರು, ನಾನೇ ಬೈದು ನುಂಗಿಸ್ದೆ.”

ಹೆಂಡತಿಯ ಚೀಲದಿಂದ ಹೊರಬಂದ ಮಾತ್ರೆಯ ತಗಡಿನ ಪಟ್ಟಿಯ ಮೇಲೆ ರಕ್ತ ತೆಳುವಾಗಿಸುವ ಮಾತ್ರೆಯ ಹೆಸರೇ ಇತ್ತು. ಬರೆದುಕೊಟ್ಟದ್ದು ಇದೇ ಕಟ್ಟಡದ ಹೃದಯ ವಿಭಾಗ. ಅದರ ಫೈಲು ಎರಡು ಮಹಡಿ ಮೇಲೆ ಬೆಚ್ಚಗೆ ಮಲಗಿತ್ತು. ಆತ ಸುಳ್ಳು ಹೇಳಿರಲಿಲ್ಲ. ಎದೆಗೆ ಕೊಟ್ಟದ್ದು ಎದೆ ಮಾತ್ರೆ. ರಕ್ತದ ಸುದ್ದಿ ಅದಕ್ಕೇಕೆ?

ಕೊಂಡಿಯಮ್ಮ ಒಂದು ಗಳಿಗೆ ಪಟ್ಟಿಯನ್ನು ನೋಡಿದರು, ಇನ್ನೊಂದು ಗಳಿಗೆ ಗೋಡೆಯ ಕ್ಯಾಲೆಂಡರನ್ನು. ಎರಡು ದಿನ ಬಾಯಿ ಮುಚ್ಚಿಕೊಂಡಿದ್ದರೆ ಕುರ್ಚಿ ಉಳಿಯುತ್ತಿತ್ತು. ಅವರು ಹೋಗಿ ಆಪರೇಷನ್ ಕೋಣೆಯ ಬಾಗಿಲಿಗೆ ಅಡ್ಡ ನಿಂತರು.

ಸರ್ಜನ್ನರು ಕೈ ತೊಳೆದು ಮುಂಗೈ ಎತ್ತಿ ಹಿಡಿದು ಬಂದರು. “ಏನಮ್ಮ ಕೊಂಡಿ, ಇವತ್ತು ಯಾರಿಗೆ ಕುಟುಕಿದ್ದು?”

“ಇವರಿಗೆ ಯಾರೂ ಕುಟುಕೋ ಹಾಗಿಲ್ಲ ಸರ್. ಸೂಜಿ ಚುಚ್ಚಿದ್ರೂ ರಕ್ತ ನಿಲ್ಲಲ್ಲ.”

“ಮೂರು ಜನ ಇಲ್ಲ ಅಂತ ಬರೆದಿದಾರೆ. ನೀನೊಬ್ಬಳು ಜಾಣೆ.”

“ಮೂರು ಜನ ಇವರನ್ನ ಕೇಳಿದಾರೆ ಸರ್. ಮಾತ್ರೆ ಕೊಡೋರನ್ನ ಯಾರೂ ಕೇಳಿಲ್ಲ.”

ಲ್ಯಾಬಿನವರು ಹಲ್ಲು ಕಡಿಯುತ್ತಲೇ ಪರೀಕ್ಷೆ ಮಾಡಿಕೊಟ್ಟರು. ರಕ್ತ ಹೆಪ್ಪುಗಟ್ಟಲು ಹಿಡಿಯಬೇಕಾದ್ದಕ್ಕಿಂತ ಮೂರುಪಟ್ಟು ಹೊತ್ತು ಹಿಡಿಯುತ್ತಿತ್ತು. ಬೆನ್ನಿಗೆ ಸೂಜಿ ಹಾಕಲು ತಯಾರಾಗಿದ್ದ ಅರಿವಳಿಕೆಯವರು ಸದ್ದಿಲ್ಲದೆ ಸಿರಿಂಜನ್ನು ಟ್ರೇಗೆ ಇಳಿಸಿದರು. ಸರ್ಜನ್ನರು ಮುಖಗವಸನ್ನು ಕಿತ್ತು ಬುಟ್ಟಿಯತ್ತ ಎಸೆದರು. ಅದೂ ಬುಟ್ಟಿಗೆ ಬೀಳಲಿಲ್ಲ.

ಹೃದಯ ವಿಭಾಗದವರು ಹೇಳಿದಂತೆ ಮಾತ್ರೆ ನಿಲ್ಲಿಸಿ, ಬದಲಿಗೆ ಇಂಜೆಕ್ಷನ್ ಕೊಟ್ಟು, ಆರನೆಯ ದಿನ ಆಪರೇಷನ್ ಮಾಡಿದರು. ಗಡಿಯಾರದವರು ತಮ್ಮ ಕಾಲ ಮೇಲೆಯೇ ಮನೆಗೆ ನಡೆದರು. ‘ಯಾವ ತೊಂದರೆಯೂ ಆಗಲಿಲ್ಲ’ ಎಂದು ಸರ್ಜನ್ನರು ಬರೆದರು, ಅದು ತಮ್ಮದೇ ಸಾಧನೆ ಎಂಬಂತೆ. ಮೇಲ್ವಿಚಾರಕರು ‘ನಿಂತ ಆಪರೇಷನ್‌ಗಳು: ಮೂರು’ ಎಂದು ಎಣಿಸಿ ವರ್ಗದ ಆದೇಶಕ್ಕೆ ಸಹಿ ಹಾಕಿದರು. ಬೀಳ್ಕೊಡುಗೆಗೆ ಯಾರೂ ಬರಲಿಲ್ಲ. ವಾರ್ಡಿನ ಹಿರಿಯ ಸಿಸ್ಟರ್ ಮಾತ್ರ ಬಂದರು, ಆ ಕುರ್ಚಿ ತಮಗೆ ಬೇಕಿತ್ತೆಂದು.

ಕೊಂಡಿಯಮ್ಮ ಈಗ ನೆಲಮಾಳಿಗೆಯಲ್ಲಿದ್ದಾರೆ. ಬಂದ ಮೊದಲ ದಿನವೇ ಹೊಸ ಕಾನೂನು ತಂದರು: ಆಪರೇಷನ್ ಗೌನು ಬೇಕಾದವರು ರೋಗಿ ದಿನವೂ ನುಂಗುವ ಮಾತ್ರೆಗಳ ಹೆಸರನ್ನು, ಮನೆಯಲ್ಲಿ ಅವನ್ನು ಕೊಡುವವರ ಬಾಯಿಂದಲೇ ಕೇಳಿ, ಚೀಟಿಯಲ್ಲಿ ಬರೆದು ಕಳಿಸಬೇಕು. ಸರ್ಜನ್ನರು ಫೋನಿನಲ್ಲಿ ಗುಡುಗಿದರು. ಗೌನಿಗೂ ಮಾತ್ರೆಗೂ ಏನಮ್ಮ ಸಂಬಂಧ ಎಂದರು.

“ಸಂಬಂಧ ಇಲ್ಲ ಸರ್,” ಎಂದರು ಕೊಂಡಿಯಮ್ಮ, ಇಸ್ತ್ರಿಯಾದ ಗೌನುಗಳ ರಾಶಿಯ ಮೇಲೆ ಮೊಣಕೈ ಊರಿ. “ಕಲ್ಪಿಸ್ತಾ ಇದೀನಿ. ಚೀಟಿ ಕಳಿಸಿ.”

ಸರ್ಜನ್ನರು ಹದಿನೈದು ನಿಮಿಷ ಬರಿಮೈಯಲ್ಲಿ ಕಾದು, ಚೀಟಿ ಕಳಿಸಿದರು.