ಮರಣೋತ್ತರ ಮಗಳು

ಪಾಸ್ಚುಮಸ್ ಎಂಬ ಪದವನ್ನು ನಾನು ಕಲಿತದ್ದು ಗುಬ್ಬಿಯಲ್ಲಿ ಪಿಯುಸಿ ಓದುವಾಗ, ತೊಂಬತ್ತರ ದಶಕದ ನಡುವಿನಲ್ಲಿ. ‘ಪೋಸ್ಟ್‌ಹ್ಯೂಮಸ್’ ಎಂದು ಗಟ್ಟಿಯಾಗಿ ಓದಿ ಇಡೀ ತರಗತಿಯ ನಗೆಗೆ ಗುರಿಯಾಗಿದ್ದೆ. ಇಂಗ್ಲಿಷ್ ಮೇಷ್ಟ್ರು ಉಚ್ಚಾರ ತಿದ್ದಿ, ಬೋರ್ಡಿನ ಮೇಲೆ ಅರ್ಥ ಬರೆದರು: ಮರಣೋತ್ತರ. ಯುದ್ಧದಲ್ಲಿ ಮಡಿದ ಸೈನಿಕನಿಗೆ ಕೊಡುವ ಪದಕದ ಉದಾಹರಣೆ ಕೊಟ್ಟರು. ಸತ್ತವರಿಗೆ ಸಲ್ಲುವ ಗೌರವಕ್ಕೆ ಹೇಳುವ ಮಾತು ಎಂದು ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಆಗ ಮನೆಯಲ್ಲಿ ನಾನು, ಅಮ್ಮ, ಸೋದರಮಾವ ಮೂವರೇ. ಅಪ್ಪ ಕುಣಿಗಲ್ ಕಡೆಯ ಹಳ್ಳಿಯಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದವರು. ನನಗೆ ಆರು ತಿಂಗಳಾಗಿದ್ದಾಗ ಕಾಮಾಲೆಯಿಂದ ತೀರಿಕೊಂಡರು ಎಂದು ಅಮ್ಮ ಹೇಳುತ್ತಿದ್ದಳು. ಸ್ಕೂಲಿನಿಂದ ಬಂದವರೇ ನನ್ನನ್ನು ತೊಟ್ಟಿಲಿನಿಂದ ಎತ್ತಿಕೊಂಡು ಕೆರೆ ಏರಿಯ ಮೇಲೆ ತಿರುಗಾಡಿಸುತ್ತಿದ್ದರಂತೆ. ಕೇಳಿ ಕೇಳಿ ಆ ಏರಿಯ ಗಾಳಿ, ಅವರ ಅಂಗಿಯ ಸೀಮೆಸುಣ್ಣದ ವಾಸನೆ ನನಗೇ ನೆನಪಿದೆ ಎನ್ನಿಸುತ್ತಿತ್ತು. ಗೆಳತಿಯರಿಗೂ ಹಾಗೇ ಹೇಳುತ್ತಿದ್ದೆ.

ಡಿಗ್ರಿಗೆ ತುಮಕೂರಿನ ಕಾಲೇಜು ಸೇರಬೇಕಿತ್ತು. ತೀರಿಕೊಂಡ ಶಿಕ್ಷಕರ ಮಕ್ಕಳಿಗೆ ಹಾಸ್ಟೆಲಿನಲ್ಲಿ ಮೊದಲು ಸೀಟು ಕೊಡುತ್ತಿದ್ದರು. ಅರ್ಜಿಯ ಜೊತೆ ಅಪ್ಪನ ಪೆನ್ಷನ್ ಆದೇಶದ ಪ್ರತಿ ಇಡಬೇಕಿತ್ತು. ಅಮ್ಮ ಟ್ರಂಕಿನ ತಳದಿಂದ ಅದನ್ನು ತೆಗೆದು ತಾನೇ ನನ್ನ ಕೈಗೆ ಕೊಟ್ಟಳು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಹಳದಿಗಟ್ಟಿದ ಹಾಳೆಯಲ್ಲಿ ಟೈಪು ಮಾಡಿದ್ದರು: ‘ವೈಫ್ ಅಂಡ್ ಒನ್ ಪಾಸ್ಚುಮಸ್ ಡಾಟರ್’. ಮರಣೋತ್ತರ ಪದಕ ಸರಿ, ಮರಣೋತ್ತರ ಮಗಳು ಅಂದರೇನು? ಸತ್ತ ಮೇಲೆ ಪೆನ್ಷನ್ ಬರುತ್ತದಲ್ಲ, ಅದಕ್ಕೇ ಹೀಗೆ ಬರೆದಿರಬೇಕು ಅಂದುಕೊಂಡೆ. ಆದರೂ ಮಾರನೆಯ ದಿನ ಜೆರಾಕ್ಸ್ ಮಾಡಿಸಲು ಹೋದವಳು ಕಾಲೇಜಿಗೆ ಹೋಗಿ ಮೇಷ್ಟ್ರನ್ನು ಕೇಳಿದೆ.

"ಸಾರ್, ಮಗಳಿಗೂ ಪಾಸ್ಚುಮಸ್ ಅಂತಾರಾ?"

"ಅಂತಾರಮ್ಮ. ಅಪ್ಪ ಸತ್ತ ಮೇಲೆ ಹುಟ್ಟಿದ ಮಗು ಅಂತ. ಎಲ್ಲಿ ಸಿಕ್ತು?"

"ಪೇಪರಲ್ಲಿ ಸಾರ್" ಅಂದೆ. ಮನೆಗೆ ಯಾವ ದಾರಿಯಲ್ಲಿ ಬಂದೆನೋ ಇವತ್ತಿಗೂ ನೆನಪಿಲ್ಲ.

ಅಮ್ಮ ಹಿತ್ತಲಲ್ಲಿ ರಾಗಿ ಕೇರುತ್ತಿದ್ದಳು. ಗುಮಾಸ್ತ ತಪ್ಪು ಬರೆದಿದ್ದಾನೆ ಎಂದು ಅವಳು ಹೇಳಿದ್ದರೆ ನಂಬಿಬಿಡುತ್ತಿದ್ದೆ.

"ಅಮ್ಮ, ಇದ್ರಲ್ಲಿ ಅಪ್ಪ ಸತ್ಮೇಲೆ ನಾನು ಹುಟ್ಟಿದ್ದು ಅಂತ ಬರ್ದವ್ರೆ."

ಮೊರ ಕೈಯಲ್ಲೇ ನಿಂತಿತು. "ಅಷ್ಟೂ ಬರ್ದವ್ರಾ ಅದ್ರಲ್ಲಿ?" ಅಂದಳು.

"ನಿಜ ಏನು ಹೇಳು."

"ನಿಮ್ಮಪ್ಪ ಹೋದಾಗ ನಂಗೆ ಐದು ತಿಂಗ್ಳು ಕಣೇ. ನೀನಿನ್ನೂ ಹೊಟ್ಟೇಲಿದ್ದೆ."

"ಮತ್ತೆ ಕೆರೆ ಏರಿ ಮೇಲೆ ಎತ್ಕೊಂಡು ಹೋಗಿದ್ದು?"

ಅಮ್ಮ ಇಲ್ಲವೆಂದು ತಲೆಯಾಡಿಸಿದಳು. "ನೀನು ಹುಟ್ಟಿದ ದಿನವೇ ಆ ಊರಲ್ಲಿ, ಅಪ್ಪನ್ನ ನುಂಗ್ಕೊಂಡು ಬಂದವ್ಳೆ ಅಂದ್ರು. ತೊಟ್ಲಿಗೆ ಹಾಕೋಕೂ ಯಾರೂ ಬರ್ಲಿಲ್ಲ. ಬಾಣಂತನ ಮುಗಿಯೋ ಮುಂಚೆನೇ ನಿನ್ನ ಎತ್ಕೊಂಡು ಇಲ್ಲಿಗೆ ಬಂದ್ಬುಟ್ಟೆ. ಅಪ್ಪ ಎತ್ತಾಡ್ಸಿದ ಮಗು ಅಂದ್ರೆ ಯಾರೂ ಏನೂ ಅನ್ನಲ್ಲ ಅಂತ ಹಂಗಂದೆ. ಸ್ಕೂಲಿಗೆ ಸೇರಿಸ್ವಾಗ ತಾರೀಕೂ ಹಿಂದಕ್ಕೆ ಹಾಕ್ಸಿದೆ."

ಹುಟ್ಟಿದ ದಿನವೂ ನನ್ನದಲ್ಲ! ಹತ್ತು ತಿಂಗಳು ಮುಂಚೆ ಹುಟ್ಟಿದವಳಾಗಿ ಬದುಕಿದ್ದೆ. ಅಳು ಬರಲಿಲ್ಲ. ಯಾರೋ ಕೆನ್ನೆಗೆ ಬಾರಿಸಿದ ಹಾಗೆ ಮುಖವೆಲ್ಲ ಉರಿಯುತ್ತಿತ್ತು. ಕೈಗಳನ್ನು ನೋಡಿಕೊಂಡೆ. ಈ ಮೈಯನ್ನು ಅಪ್ಪ ಒಂದು ಸಲವೂ ಮುಟ್ಟಿರಲಿಲ್ಲ. ಹಾಗಾದರೆ ಆ ಸೀಮೆಸುಣ್ಣದ ವಾಸನೆ ಎಲ್ಲಿಂದ ಬಂತು?

ಆದೇಶಕ್ಕೂ ನನ್ನ ಮಾರ್ಕ್ಸ್‌ಕಾರ್ಡಿನ ಹುಟ್ಟಿದ ತಾರೀಕಿಗೂ ತಾಳೆಯಾಗುವಂತಿರಲಿಲ್ಲ. ಹಾಸ್ಟೆಲಿಗೆ ಅರ್ಜಿ ಹಾಕಲೇ ಇಲ್ಲ. ಮೂರು ವರ್ಷ ಗುಬ್ಬಿಯಿಂದ ರೈಲಿನಲ್ಲೇ ಓಡಾಡಿದೆ. ನಿಜ ತಿಳಿದ ದಿನದಿಂದ ಹತ್ತು ದಿನ ಅಮ್ಮನ ಜೊತೆ ಮಾತಾಡಲಿಲ್ಲ. ಅವಳೂ ಬಲವಂತ ಮಾಡದೆ ತಟ್ಟೆ ತಂದಿಟ್ಟು ಹೋಗುತ್ತಿದ್ದಳು.

ಹನ್ನೊಂದನೆಯ ದಿನ ಬೆಳಿಗ್ಗೆ, "ಎದ್ದೇಳು, ಕುಣಿಗಲ್‌ಗೆ ಹೋಗಾಣ" ಅಂದಳು. ನಾನು ಹುಟ್ಟಿದ ಮೇಲೆ ಅವಳು ಆ ಕಡೆ ತಲೆ ಹಾಕಿರಲಿಲ್ಲ. ತುಮಕೂರಿನಲ್ಲಿ ಬಸ್ಸು ಬದಲಿಸಿದೆವು. ಕುಣಿಗಲ್‌ನಲ್ಲಿಳಿದು ಮತ್ತೊಂದು ಬಸ್ಸು. ಅಪ್ಪನ ಸ್ಕೂಲು ಎರಡು ಕೋಣೆಯ ಹೆಂಚಿನ ಕಟ್ಟಡ. ಅಮ್ಮ ಕಂಬಿಯ ಕಿಟಕಿಯ ಮುಂದೆ ನಿಂತು, ಒಳಗಿದ್ದ ಮೇಜನ್ನೇ ನೋಡುತ್ತಿದ್ದಳು. ಎದುರು ಮನೆಯ ಜಗಲಿಯಲ್ಲಿ ಮೂರು ನಾಲ್ಕು ಹೆಂಗಸರು ಕೂತಿದ್ದರು. ಅವರಲ್ಲಿ ಹಿರಿಯಾಕೆಗೆ ಅಮ್ಮನ ಗುರುತು ಸಿಕ್ಕಿತು.

"ಮೇಷ್ಟ್ರು ಹೆಂಡ್ರಲ್ವೇನವ್ವ ನೀನು? ಈ ಮಗಾ ಯಾರು?"

ಅಮ್ಮ ನನ್ನ ರಟ್ಟೆ ಹಿಡಿದು ಮುಂದಕ್ಕೆ ತಂದು ನಿಲ್ಲಿಸಿದಳು. ಮನೆಯಲ್ಲಿ ಪಿಸುಮಾತಿನಲ್ಲೂ ಹೇಳದಿದ್ದುದನ್ನು ಜಗಲಿಯವರಿಗೆಲ್ಲ ಕೇಳಿಸುವಂತೆ ಹೇಳಿದಳು: "ನನ್ನ ಮಗಳು. ಅವ್ರು ಹೋದ್ಮೇಲೆ ಹುಟ್ಟಿದೋಳು. ಡಿಗ್ರಿಗೆ ಸೇರ್ತಾವ್ಳೆ."

ಯಾರೂ ಏನೂ ಅನ್ನಲಿಲ್ಲ. ಹಿರಿಯಾಕೆ ಒಳಗೆ ಹೋಗಿ ಎರಡು ಲೋಟ ಮಜ್ಜಿಗೆ ತಂದಳು. ಅಮ್ಮ ನಿಂತೇ ಕುಡಿದಳು, ಲೋಟ ತೊಳೆದಿಟ್ಟಳು. ಮಧ್ಯಾಹ್ನದ ಬಸ್ಸಿಗೆ ನಾವು ವಾಪಸ್ಸು ಹೊರಟೆವು.