ಹಿಂದಿನ ಗೇಟಿನ ಸುಶೀಲಮ್ಮ

ಸುಶೀಲಮ್ಮ ಯಾವ ರೆಸಾರ್ಟಿಗೆ ಹೋದರೂ ಮೊದಲು ಹುಡುಕುತ್ತಿದ್ದುದು ಹಿಂದಿನ ಗೇಟನ್ನು. ಮುಂದಿನ ಗೇಟಿನಲ್ಲಿ ಹಣೆಗೆ ಕುಂಕುಮವಿಟ್ಟು, ಕೈಗೆ ಎಳನೀರು ಕೊಟ್ಟು ಬರಮಾಡಿಕೊಳ್ಳುತ್ತಾರೆ. ಹಿಂದಿನ ಗೇಟು ಅಡುಗೆಮನೆಯಾಚೆ, ಒಗೆದ ಬೆಡ್‌ಶೀಟುಗಳನ್ನು ಒಣಹಾಕುವ ಕಡೆ ಇರುತ್ತದೆ. ಮೀನು ತರುವವರು, ಪಾತ್ರೆ ತೊಳೆಯುವವರು ಅದರಲ್ಲೇ ಬಂದು ಹೋಗುತ್ತಾರೆ. ಬೆಳಿಗ್ಗೆ ಆರಕ್ಕೆಲ್ಲ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸುಶೀಲಮ್ಮ ಅಲ್ಲಿ ಹಾಜರಾಗುತ್ತಿದ್ದರು. ಕಾವಲಿನವನು ತಪ್ಪದೆ ತಡೆಯುತ್ತಿದ್ದ.

"ಗೋವಾದಲ್ಲೂ ಇದೇ, ಕೇರಳದಲ್ಲೂ ಇದೇ. ಗೆಸ್ಟು ಈ ಕಡೆ ಬರಂಗಿಲ್ಲವಂತೆ. ನಮ್ಮ ಕೊಟ್ಟಿಗೇಲಿ ದನಾನಾದ್ರೂ ಬೆಳಿಗ್ಗೆ ಒಂದ್ಸಲ ಬಿಚ್ಚಿ ಬಿಡ್ತಿದ್ವಿ ಕಣವ್ವ" ಎಂದು ಅವರು ನನ್ನ ಮುಂದೆ ದೂರುತ್ತಿದ್ದರು.

ದೂರು ಕೇಳಬೇಕಾದವಳು ನಾನೇ. ವಿಜಯನಗರದಲ್ಲಿ ಬೇಕರಿಯ ಮೇಲಿನ ಮಹಡಿಯಲ್ಲಿದ್ದ ಒಂದು ಚಿಕ್ಕ ಟೂರ್ ಆಫೀಸಿನಲ್ಲಿ ನನ್ನ ಕೆಲಸ. ಗೋಡೆಯ ತುಂಬಾ ನೀಲಿ ಸಮುದ್ರದ ಪೋಸ್ಟರುಗಳು. ಅವುಗಳ ಕೆಳಗೆ ಕುಳಿತು ಊರವರಿಗೆಲ್ಲ ಸಮುದ್ರ ಮಾರುತ್ತಿದ್ದ ನಾನು ಸಮುದ್ರವನ್ನು ಕಂಡವಳಲ್ಲ. ಬಾಪೂಜಿ ನಗರದ ಪಿ.ಜಿ.ಯಲ್ಲಿ ನಾಲ್ವರು ಹುಡುಗಿಯರಿಗೆ ಒಂದು ಕೋಣೆ, ಒಂದು ಕಿಟಕಿ. ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ನಮ್ಮೂರು ಗದಗ ಎಂದು ಎಷ್ಟು ಸಲ ಹೇಳಿದರೂ ಸುಶೀಲಮ್ಮನಿಗೆ ನಾನು "ಧಾರವಾಡದ ಹುಡುಗಿ"ಯೇ. ಆ ಕಡೆಯವರೆಲ್ಲ ಅವರ ಲೆಕ್ಕದಲ್ಲಿ ಧಾರವಾಡದವರು. ನಾನು ತಿದ್ದುವುದನ್ನು ಬಿಟ್ಟೆ.

ಅವರ ಯಜಮಾನರು ಕೃಷ್ಣಪ್ಪನವರು. ಮೂಡಲಪಾಳ್ಯದ ಹಳೆಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಅವರದೇ ನಾಲ್ಕಂತಸ್ತಿನ ಬಾಡಿಗೆ ಮನೆಗಳಿವೆ. ವರ್ಷಕ್ಕೊಮ್ಮೆ ಹೆಂಡತಿಯನ್ನು ದೊಡ್ಡ ರೆಸಾರ್ಟಿಗೆ ಕರೆದುಕೊಂಡು ಹೋಗುವುದು ಅವರ ಪಾಲಿಗೆ ವ್ರತದಂತೆ. ಹೋದಮೇಲೆ ಮಾತ್ರ ಕೋಣೆಯ ಏಸಿ ಹಾಕಿಕೊಂಡು ಕೂತರೆ ಎದ್ದೇಳುವುದು ಊಟಕ್ಕೇ. ಸುಮ್ಮನೆ ಆಡಿಕೊಳ್ಳಲು ನನಗೆ ಮನಸ್ಸಾಗುವುದಿಲ್ಲ, ಏಕೆಂದರೆ ಕಾರಣವನ್ನು ಅವರೇ ಒಮ್ಮೆ ಹೇಳಿದ್ದರು: "ಮೂವತ್ತು ವರ್ಷ ಬಿಸಿಲಲ್ಲಿ ಗೇದಿದೀನಮ್ಮಾ. ಇವಳೂ ಗೇದವಳೆ. ಇನ್ನು ನೆಳ್ಳಲ್ಲಿ ಕುಂತ್ಕೊಂಡು ತಿನ್ನೋಣ ಅಂತೀನಿ. ತಪ್ಪಾ?"

ತಪ್ಪೇನೂ ಇರಲಿಲ್ಲ. ಆದರೆ ಇಬ್ಬರೂ ಅದೇ ಬಿಸಿಲಲ್ಲಿ ಗೇದು ಎರಡು ಬೇರೆ ಪಾಠ ಕಲಿತಿದ್ದರು. ಸುಶೀಲಮ್ಮ ಹೇಳುತ್ತಿದ್ದ ಮಾತನ್ನು ನಾನು ಆಮೇಲೆ ಎಷ್ಟೋ ಗಿರಾಕಿಗಳಿಗೆ ನನ್ನದೇ ಎಂಬಂತೆ ಹೇಳಿದ್ದೇನೆ: "ಮೆತ್ತನೆ ಹಾಸಿಗೆ ಬ್ಯಾಡ ಅನ್ನಲ್ಲ ಕಣವ್ವ. ಆದ್ರೆ ಅದ್ರಲ್ಲಿ ಮಲಗೋಕೆ ಮೈ ದಣಿದಿರಬೇಕು. ಮೂರು ದಿನ ಅವ್ರ ಥರ ಇರೋಣ, ಒಂದು ದಿನ ನನ್ನ ಥರ. ಅಷ್ಟು ಸಾಕು."

ಸುಶೀಲಮ್ಮನ ಥರ ಎಂದರೆ ದ್ವೀಪ. ರಸ್ತೆ ಇಲ್ಲದ, ಕರೆಂಟು ಬಂದರೂ ಬಂತು ಇಲ್ಲದಿದ್ದರೂ ಇಲ್ಲ ಎನ್ನುವಂಥ, ಸುತ್ತಲೂ ನೀರಿರುವ ಒಂದು ತುಂಡು ನೆಲ. ಅದರ ಹುಚ್ಚು ಹೇಗೆ ಹತ್ತಿತೋ ನಾನರಿಯೆ. ನಮ್ಮ ಆಫೀಸಿನ ಅಂಡಮಾನಿನ ನಕ್ಷೆಯಲ್ಲಿ ಸಾಸಿವೆ ಚೆಲ್ಲಿದಂತಿದ್ದ ಚುಕ್ಕಿಗಳ ಮೇಲೆ ಬೆರಳಿಟ್ಟು "ಇಲ್ಲಿ ಯಾರಿದ್ದಾರೆ? ಇಲ್ಲಿ?" ಎಂದು ಕೇಳುತ್ತಿದ್ದರು. ಕೃಷ್ಣಪ್ಪನವರು "ಬೀಚು ರೆಸಾರ್ಟಲ್ಲೇ ಐತಲ್ಲ" ಎಂದು ಮುಗಿಸಿಬಿಡುತ್ತಿದ್ದರು.

ಅವರನ್ನು ಗೆಲ್ಲುವ ದಾರಿ ಆಕಸ್ಮಿಕವಾಗಿ ಸಿಕ್ಕಿತು. ಕೇರಳದ ರೆಸಾರ್ಟೊಂದರಲ್ಲಿ ದೋಣಿವಿಹಾರವೂ ಪ್ಯಾಕೇಜಿನಲ್ಲಿ ಸೇರಿತ್ತಂತೆ. ನೀರೆಂದರೆ ಹೆದರಿ ಸಾಯುವ ಮನುಷ್ಯ, ಕಣ್ಣು ಮುಚ್ಚಿಕೊಂಡು ಒಂದು ಗಂಟೆ ದೋಣಿಯಲ್ಲಿ ಕೂತಿದ್ದರಂತೆ. "ಪ್ಯಾಕೇಜಲ್ಲಿ ಐತೆ ಅಂದ್ರೆ ಮುಗೀತು. ಬೇವಿನ ಕಷಾಯ ಇಟ್ಟಿದ್ರೂ ಕುಡೀತಾರೆ" ಎಂದು ಸುಶೀಲಮ್ಮ ನಕ್ಕು ನಕ್ಕು ಹೇಳಿದರು. ಹೇಳುತ್ತಿದ್ದಂತೆ ನಗು ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮರುದಿನ ಅವರೊಬ್ಬರೇ ಬಂದರು, ಕೈಯಲ್ಲಿ ರಾಗಿಯ ಡಬ್ಬ. ಹಿಟ್ಟಿನ ಗಿರಣಿಗೆಂದು ಹೇಳಿ ಮನೆ ಬಿಟ್ಟಿದ್ದರು. ಇಬ್ಬರೂ ಕೂತು ಪ್ಯಾಕೇಜು ಹೊಂದಿಸಿದೆವು: ಅಂಡಮಾನಿನ ರೆಸಾರ್ಟಿನಲ್ಲಿ ನಾಲ್ಕು ರಾತ್ರಿ. ನಡುವೆ ಒಂದು ರಾತ್ರಿ ದೋಣಿಯಲ್ಲಿ ಒಂದೂವರೆ ಗಂಟೆ ದೂರದ ಪುಟ್ಟ ದ್ವೀಪದಲ್ಲಿ, ತಾಳೆಗರಿಯ ಗುಡಿಸಲಿನಲ್ಲಿ. ಅದರ ಮುಂದೆ "ಪ್ಯಾಕೇಜಿನಲ್ಲಿ ಸೇರಿದೆ" ಎಂದು ನಾನು ದಪ್ಪಕ್ಷರದಲ್ಲಿ ಟೈಪ್ ಮಾಡಿದೆ. "ನಿಮ್ಮ ಯಜಮಾನ್ರಿಗೆ ಗೊತ್ತಾದ್ರ ನನ್ ಕೆಲಸ ಹೋಗ್ತೈತ್ರೀ ಅಮ್ಮಾರೇ" ಎಂದೆ. "ನಿನ್ನ ಕೆಲ್ಸ ಹೋದ್ರೆ ನಮ್ಮನೆಗೆ ಬಾ, ಮುದ್ದೆ ಕಟ್ಟೋದು ಕಲಿಸ್ತೀನಿ" ಎಂದರು.

ಆ ಸಲ ಆಗಲಿಲ್ಲ. ದೋಣಿಕಟ್ಟೆಯವರೆಗೂ ಇಬ್ಬರೂ ಹೋಗಿದ್ದರು. ದೋಣಿ ಚಿಕ್ಕದು, ಅಲೆ ದೊಡ್ಡದು. ಪ್ಯಾಕೇಜಿನ ಮಂತ್ರ ಅಲ್ಲಿ ನಡೆಯಲಿಲ್ಲ. ಕೃಷ್ಣಪ್ಪನವರು ಹಿಂದೆ ಸರಿದು, "ನೀನು ಬೇಕಾದ್ರೆ ಹೋಗು, ನಾನು ರೂಮಲ್ಲಿರ್ತೀನಿ. ನನ್ನ ಮಾತ್ರೆ ಯಾವ್ಯಾವುದು ಅಂತ ಹೇಳೋಗು" ಎಂದರಂತೆ. ಬಿ.ಪಿ.ಗೊಂದು, ಸಕ್ಕರೆಗೆರಡು, ಬೆಳಿಗ್ಗೆಯದು ಬೇರೆ, ಊಟಕ್ಕೆ ಮುಂಚಿನದು ಬೇರೆ. ಹನ್ನೆರಡು ವರ್ಷದಿಂದ ಸುಶೀಲಮ್ಮ ಅವನ್ನು ಅಂಗೈಗೆ ಹಾಕುತ್ತಿದ್ದರು, ಅವರು ನುಂಗುತ್ತಿದ್ದರು. ಅಲೆಗಳ ಮುಂದೆ ನಿಂತು ಅಷ್ಟನ್ನೂ ಹೇಳಿಕೊಡುವುದು ಹೇಗೆ? ದೋಣಿ ಹೊರಟುಹೋಯಿತು.

"ಅವ್ರು ಕಟ್ಟಾಕಿದ್ದಾರೆ ಅಂತಿದ್ದೆ. ಹಗ್ಗ ಹೊಸೆದೋಳು ನಾನೇ ಕಣವ್ವ" ಎಂದರು, ಊರಿಗೆ ಮರಳಿ ಆಫೀಸಿಗೆ ಬಂದವರು. ಅವರ ಕಣ್ಣಲ್ಲಿ ನೀರಿತ್ತು.

ಆದರೆ ಸುಶೀಲಮ್ಮ ಸುಮ್ಮನೆ ಕೂರುವ ಪೈಕಿಯಲ್ಲ. ಇಡೀ ವರ್ಷ ಗಂಡನಿಗೆ ಪಾಠ ಮಾಡಿದರು. ಮಾತ್ರೆಯ ಡಬ್ಬಿಗಳ ಮೇಲೆ ಸೂರ್ಯ, ಚಂದ್ರ, ಊಟದ ತಟ್ಟೆಯ ಚಿತ್ರ ಬರೆದು ಅಂಟಿಸಿದರು. ತಪ್ಪು ಮಾತ್ರೆ ತೆಗೆದರೆ ಕೈ ಮೇಲೆ ಮೆಲ್ಲಗೆ ಏಟು. "ನಮ್ಮ ಮಕ್ಳಿಗೂ ಇಷ್ಟು ಹೇಳಿಕೊಟ್ಟಿರ್ಲಿಲ್ಲ" ಎನ್ನುತ್ತಿದ್ದರು. ಮುಂದಿನ ವರ್ಷ ಮತ್ತೆ ಅದೇ ರೆಸಾರ್ಟು, ಅದೇ ದೋಣಿಕಟ್ಟೆ. ಕೃಷ್ಣಪ್ಪನವರು ರೂಮಲ್ಲಿ ಉಳಿದರು, ಸುಶೀಲಮ್ಮ ಹೋದರು. ಅರವತ್ತರ ಹತ್ತಿರದ ಹೆಂಗಸು, ಹಿಂದಿ ಬಾರದು, ಅಲ್ಲಿಯವರಾಡುವ ಬಂಗಾಳಿ ಮೊದಲೇ ಬಾರದು, ಒಬ್ಬರೇ ಹೊರಟಿದ್ದರು. ಆಫೀಸಿನಲ್ಲಿ ಕೂತ ನಾನು ಗಳಿಗೆಗೊಮ್ಮೆ ನಕ್ಷೆಯ ಆ ಚುಕ್ಕಿಯನ್ನು ನೋಡುತ್ತಿದ್ದೆ.

ಮರುದಿನ ಮಧ್ಯಾಹ್ನ ಅವರು ವಾಪಸ್ಸಾಗಬೇಕಿತ್ತು. ದೋಣಿ ಮಾತ್ರ ಬಂತು. ಅಮ್ಮ ಚೆನ್ನಾಗಿದ್ದಾರೆ, ಇನ್ನೂ ಇರುತ್ತಾರಂತೆ ಎಂದು ದೋಣಿಯವನು ಸುದ್ದಿ ಮುಟ್ಟಿಸಿದ. ಆ ದ್ವೀಪದಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಕೃಷ್ಣಪ್ಪನವರ ಫೋನು ನೇರ ನನಗೆ.

"ಏನಮ್ಮಾ, ನಿಮ್ಮ ಪ್ಯಾಕೇಜಲ್ಲಿ ನಮ್ಮನೆಯೋಳು ವಾಪಸ್ ಬರೋದು ಸೇರೈತೋ ಇಲ್ವೋ?"

ನಗು ಬಂತು, ಹೆದರಿಕೆಯೂ ಆಯಿತು. "ಬರ್ತಾರ್ರೀ ಸರ್, ನೀವ್ ಗಾಬರಿ ಆಗಬ್ಯಾಡ್ರಿ" ಎಂದೆ. ಎರಡನೆಯ ದಿನವೂ ದೋಣಿ ಖಾಲಿ ಬಂತು. ಅಂದು ಅವರು ಕೂಗಾಡಲಿಲ್ಲ. "ಮಾತ್ರೆ ಸರಿಯಾಗಿ ತಗೊಂಡೆ ಅಂತ ಅವಳಿಗೆ ಯಾರ ಕೈಲಾದ್ರೂ ಹೇಳಿಸ್ತೀಯೇನಮ್ಮಾ" ಎಂದರು. ಮೂರನೆಯ ಬೆಳಿಗ್ಗೆ ಮತ್ತೆ ಫೋನು ಬಂತು. ಮೆಲ್ಲಗೆ, "ಅವಳು ಬರಲ್ವೇನಮ್ಮಾ?" ಎಂದು ಕೇಳಿದರು. ನಿಜ ಹೇಳಬೇಕೆಂದರೆ, ಬರದಿದ್ದರೇ ಚೆನ್ನ ಎಂದು ಮನಸ್ಸಿನ ಒಂದು ಮೂಲೆಗೆ ಅನಿಸಿತ್ತು. ಆ ದನಿ ಕೇಳಿದಮೇಲೆ ನಾಚಿಕೆಯಾಯಿತು.

ಅಂದೇ ಮಧ್ಯಾಹ್ನದ ದೋಣಿಯಲ್ಲಿ ಸುಶೀಲಮ್ಮ ಬಂದರು. ಬೆಂಗಳೂರಿಗೆ ಮರಳಿದಮೇಲೆ ಒಮ್ಮೆ ಆಫೀಸಿಗೂ ಬಂದರು. ಮುಖ ಕಪ್ಪಿಟ್ಟಿತ್ತು, ಕಾಲಲ್ಲಿ ಹವಳದ ಕಲ್ಲು ಕೊರೆದ ಗಾಯ. ಗುಡಿಸಲಿನ ಒಡತಿ ಬಂಗಾಳಿ ಹೆಂಗಸಂತೆ. ಅವಳು ಮೀನು ಹೆಚ್ಚಿದರೆ ಇವರು ಮಸಾಲೆ ಅರೆದರಂತೆ. ಮೊಣಕಾಲುದ್ದ ನೀರಲ್ಲಿ ದ್ವೀಪವನ್ನು ಪೂರ್ತಿ ಸುತ್ತಿ ಬಂದರಂತೆ. "ಮೂರು ದಿನ ಯಾಕ್ರೀ ಉಳಿದ್ರಿ ಅಮ್ಮಾರೇ?" ಎಂದೆ.

"ಮೊದಲ್ನೇ ದಿನ ಬೆಳಿಗ್ಗೆ ಎದ್ದೆ. ಯಾರಿಗೂ ನನ್ನಿಂದ ಕಾಫಿ ಬೇಕಾಗಿರ್ಲಿಲ್ಲ. ಮತ್ತೆ ಮಲಗಿದೆ. ಮದುವೆಯಾದಾಗಿಂದ ಒಂದ್ಸಲ ಎದ್ದೋಳು ಮತ್ತೆ ಮಲಗಿದ್ದೇ ಇಲ್ಲ ಕಣವ್ವ. ದೋಣಿ ಬಂದಾಗ, ಇನ್ನೊಂದು ಬೆಳಿಗ್ಗೆ ಅಂಗೇ ಎದ್ದು ನೋಡೋಣ ಅನ್ನಿಸ್ತು. ಅಷ್ಟೇಯ."

ಆಮೇಲೆ ಅವರಿಬ್ಬರೂ ನಮ್ಮ ಆಫೀಸಿಗೆ ಬರಲಿಲ್ಲ. ಬೇರೆ ಕಡೆ ಬುಕ್ ಮಾಡಿಸುತ್ತಿದ್ದಾರೆ, ಕೃಷ್ಣಪ್ಪನವರಿಗೆ ನನ್ನ ಮೇಲೆ ಸಿಟ್ಟಿದೆ ಎಂದುಕೊಂಡೆ. ನಾನೂ ಕೆಲಸ ಬದಲಿಸಿ ಕೆಂಗೇರಿಯ ಕಡೆಗೆ ಹೋದೆ. ಎರಡು ವರ್ಷದ ಮೇಲೆ ಒಂದು ಸಂಜೆ ವಿಜಯನಗರದ ಮಾರ್ಕೆಟ್ಟಿನಲ್ಲಿ ಸೊಪ್ಪಿನ ಗಾಡಿಯ ಮುಂದೆ ಸುಶೀಲಮ್ಮ ಸಿಕ್ಕರು. ಅವರನ್ನು ನಾನು ಕಂಡದ್ದು ಅದೇ ಕಡೆಯ ಸಲ. ಪಕ್ಕದಲ್ಲಿ ಚೀಲ ಹಿಡಿದು ಕೃಷ್ಣಪ್ಪನವರು ನಿಂತಿದ್ದರು. ಜನ್ಮದಲ್ಲಿ ಸೊಪ್ಪಿನ ಗಾಡಿಯ ಕಡೆ ತಲೆ ಹಾಕದ ಮನುಷ್ಯ! "ಚೆನ್ನಾಗಿದ್ದೀಯೇನಮ್ಮಾ" ಎಂದು ಅಕ್ಕರೆಯಿಂದಲೇ ಕೇಳಿ, ನಾಲ್ಕು ಹೆಜ್ಜೆ ಆಚೆ ತೆಂಗಿನಕಾಯಿ ಕೊಳ್ಳಲು ಹೋದರು.

"ಎಲ್ಲೂ ಹೋಗಿಲ್ಲೇನ್ರೀ ಈ ವರ್ಷ?" ಎಂದು ಕೇಳಿದೆ.

"ಎಲ್ಲೂ ಇಲ್ಲ. ರೆಸಾರ್ಟೂ ಬ್ಯಾಡ ಅಂತವ್ರೆ. ಈಗ ಎಲ್ಲೋದ್ರೂ ಜತೆಗೇ. ಗಿರಣಿಗೂ ಬತ್ತಾರೆ, ಟೈಲರ್ ಅಂಗಡಿಗೂ ಬತ್ತಾರೆ. ನಾನು ಸ್ನಾನಕ್ಕೋದ್ರೆ ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕುಂತಿರ್ತಾರೆ."

"ಬೈದ್ರೇನ್ರೀ ಅವತ್ತು?"

ಸುಶೀಲಮ್ಮ ಕೊತ್ತಂಬರಿ ಕಟ್ಟನ್ನು ತಿರುಗಿಸಿ ನೋಡಿ ಕೆಳಗಿಟ್ಟರು. "ಒಂದು ಮಾತು ಬೈಲಿಲ್ಲ. ಬೈದಿದ್ರೆ ನಾನೂ ತಿರುಗಿಸಿ ಬೈದು, ಮುಂದಿನ ವರ್ಷ ಮತ್ತೆ ಹೋಗ್ತಿದ್ದೆ. ಹೆದರ್ಕೊಂಡ್ಬಿಟ್ಟವ್ರೆ ಕಣವ್ವ. ಹೆದರ್ಕೊಂಡೋರನ್ನ ಎಂಗೆ ಬಿಟ್ಟು ಹೋಗ್ಲಿ?"

ತೆಂಗಿನಕಾಯಿ ಗಾಡಿಯ ಹತ್ತಿರ ಕೃಷ್ಣಪ್ಪನವರು ಕತ್ತು ತಿರುಗಿಸಿ ಜನರ ನಡುವೆ ಹುಡುಕಿದರು.

"ಇಲ್ಲೇ ಇವ್ನಿ" ಎಂದರು ಸುಶೀಲಮ್ಮ, ಅವರು ಕೂಗುವ ಮೊದಲೇ.